ಹೊಲಕ್ಕೆ ಉತಾರ ಇದೆ, ಫೋಟೋಕ್ಕೆ ಯಾಕಿಲ್ಲ?

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಸರ್ಕಾರಿ ಕಚೇರಿಗಳ ಮುಖ್ಯಸ್ಥರಿಗೆ, ಹಾಗೆಯೇ ಆ ಕಚೇರಿಗಳ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಎಲ್ಲರ ಪೆನ್‌ಡ್ರೈವ್ ಖಾಲಿ ಮಾಡಿಕೊಡುವ ಎಫ್‌ಡಿಎ, ಎಸ್‌ಡಿಎ, ಡಾಟಾ ಎಂಟ್ರಿ ಆಪರೇಟರುಗಳಿಗೆ,

ಗದಗಿನ ಪಕ್ಕದ ಬೆಟಗೇರಿಯ ಒಬ್ಬ ಹಳೆಯ ಫೋಟೋ ಸ್ಟುಡಿಯೋದವನ ನಮಸ್ಕಾರಗಳು.

ಹೋದ ತಿಂಗಳು ನನ್ನ ಅಂಗಡಿಗೆ ಒಬ್ಬ ಅಜ್ಜಿ ಬಂದಿದ್ದರು, ಜೊತೆಗೆ ಕಾಲೇಜು ಓದುವ ಮೊಮ್ಮಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಅವರ ಮನೆಯ ಹಿತ್ತಲ ಗೋಡೆ, ಅಡುಗೆಮನೆ ಎರಡೂ ಕುಸಿದಿದ್ದವು. ಸರ್ವೆಗೆ ಬಂದವರು ಸಿ ವರ್ಗ ಎಂದು ಬರೆದುಕೊಂಡು ಹೋದರು. ಆ ಸಲ ಪೂರ್ತಿ ಬಿದ್ದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಸಿ ವರ್ಗಕ್ಕೆ 50 ಸಾವಿರ. ತಮ್ಮದು ಸಿ ಆಗಿರಲೇ ಇಲ್ಲ ಎಂಬುದು ಅಜ್ಜಿಯ ತಕರಾರು. ಐದು ವರ್ಷದಿಂದ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಈಗ ಅವರಿಗೆ ಬೇಕಾಗಿದ್ದು ಸರ್ವೆಯ ದಿನ ತೆಗೆದ ಫೋಟೋ. “ಆ ಹುಡುಗ ಮೊಬೈಲಿನಾಗ ನಾಕೈದ ಸಲ ಹೊಡಕೊಂಡ್ನರಿ, ನಾ ಗ್ವಾಡಿ ಬಾಜೂಕ ನಿಂತಿದ್ದೆ” ಎಂದರು. ಫೋಟೋ ಎಂದರೆ ಸ್ಟುಡಿಯೋದವನ ಹತ್ತಿರ ಇರಲೇಬೇಕು ಎಂದು ನಂಬಿ ಬಂದಿದ್ದರು. ಅದು ನಾನು ತೆಗೆದದ್ದಲ್ಲ. ಆದರೂ ಪರಿಚಯದವರಿದ್ದಾರೆಂದು ಕಚೇರಿಗೆ ಕರೆದುಕೊಂಡು ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಓದುವ ಪ್ರತಿಯೊಬ್ಬರೂ ತಮ್ಮದೇ ಎಂದುಕೊಂಡರೆ ತಪ್ಪೇನೂ ಆಗದು.

ಆಪರೇಟರ್ ಹುಡುಗಿ ಒಳ್ಳೆಯವಳು. ಅಜ್ಜಿಗೆ ಕುರ್ಚಿ ಕೊಟ್ಟಳು, ಚಹಾ ತರಿಸಿದಳು, ಡಿ ಡ್ರೈವ್ ತೆರೆದಳು. ‘ಫ್ಲಡ್’, ‘ಫ್ಲಡ್ ನ್ಯೂ’, ‘ಫ್ಲಡ್ ಫೈನಲ್’, ‘ಸಾಹೇಬ್ರ ಪೆನ್‌ಡ್ರೈವ್’, ‘ನ್ಯೂ ಫೋಲ್ಡರ್ 3’. ಒಳಗೆ ಗೋಡೆಗಳೇ ಗೋಡೆಗಳು. ಬಿದ್ದ ಗೋಡೆ, ಬಾಗಿದ ಗೋಡೆ, ಅರ್ಧ ಕರಗಿದ ಮಣ್ಣಿನ ಗೋಡೆ, ಅದರ ಮುಂದೆ ಒಬ್ಬರು ಕೈಕಟ್ಟಿ ನಿಂತಿರುವುದು. ಫೈಲಿನ ಹೆಸರು ನೋಡಿದರೆ ಐಎಂಜಿ, ಆಮೇಲೆ ಎಂಟು ಅಂಕಿ, ಆಮೇಲೆ ಡಬ್ಲ್ಯೂಎ 0037. ವಾಟ್ಸ್ಯಾಪಿನಲ್ಲಿ ಬಂದದ್ದು ಎಂದು ತಿಳಿಯಲು ಅಷ್ಟೇ ಸಾಕು. ಊರಿಲ್ಲ, ಹೆಸರಿಲ್ಲ, ಮನೆ ನಂಬರಿಲ್ಲ. ಎರಡು ತಾಸು ಮೌಸ್ ಉರುಳಿಸಿದೆವು. ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡುತ್ತಿದ್ದರು. ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತಿದ್ದರು. “ಇದಲ್ಲವಾ. ನಮ್ಮ ಬಾಗಲಾ ಚೌಕಟ್ಟಿಗೆ ಕುದರಿ ಲಾಳ ಹೊಡದಿತ್ತು.” ಲಾಳ ಹೊಡೆದ ಬಾಗಿಲು ಸಿಗಲಿಲ್ಲ. ಕಚೇರಿ ಬಾಗಿಲು ಹಾಕುವ ಹೊತ್ತಾಯಿತು, ಎದ್ದು ಬಂದೆವು.

ಆ ಫೋಟೋ ಅಲ್ಲೇ ಇದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವನಾಗಿ ಆಣೆ ಮಾಡಿ ಹೇಳಬಲ್ಲೆ. ಯಾರೂ ಅಳಿಸಿಲ್ಲ, ಯಾರೂ ಮುಚ್ಚಿಟ್ಟಿಲ್ಲ. ಕಳೆದುಹೋಗಿದ್ದರೆ ಕಳೆದುಹೋಯಿತು ಎಂದು ಕೈಬಿಡಬಹುದಿತ್ತು. ಇದ್ದೂ ಸಿಗದ ವಸ್ತುವಿಗೆ ಏನು ಮಾಡುವುದು?

ನಮ್ಮ ಕಡೆ ಹೊಲಕ್ಕೆ ಉತಾರ, ಅಂದರೆ ಪಹಣಿ, ಇರುತ್ತದೆ. ಹೊಲ ಎಷ್ಟೇ ಚೆಂದ ಇರಲಿ, ಎರಿ ಭೂಮಿ ಇರಲಿ, ಉತಾರ ಇಲ್ಲದಿದ್ದರೆ ಸಾಲ ಸಿಗುವುದಿಲ್ಲ, ಮಾರಲಿಕ್ಕೆ ಬರುವುದಿಲ್ಲ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, 9ನೇ ಕಾಲಂನಲ್ಲಿ ಮಾಲಕನ ಹೆಸರು, 11ರಲ್ಲಿ ಬೋಜಾ, ಅಂದರೆ ಹೊಲದ ಮೇಲಿನ ಸಾಲದ ಹೊರೆ. ಮೆಟಾಡೇಟಾ ಎಂಬ ದೊಡ್ಡ ಹೆಸರಿಗೆ ಗಾಬರಿಯಾಗಬೇಡಿ. ಅದು ಫೋಟೋದ ಉತಾರ. ಯಾವ ಊರು, ಯಾವ ದಿನ, ಯಾರು, ಯಾತಕ್ಕೆ ತೆಗೆದದ್ದು, ತೆಗೆದವರು ಯಾರು. ನಿಮ್ಮ ಕಚೇರಿಯಲ್ಲಿ ಗುಂಟೆ ಜಾಗಕ್ಕೂ ಉತಾರ ಇದೆ, ಲಕ್ಷಗಟ್ಟಲೆ ಖರ್ಚು ಮಾಡಿ ತೆಗೆಸಿದ ಫೋಟೋ, ವಿಡಿಯೋಕ್ಕೆ ಇಲ್ಲ.

ನಾನು 1984ರಲ್ಲಿ ಸ್ಟುಡಿಯೋಕ್ಕೆ ಸೇರಿದಾಗ ಮೊದಲ ಆರು ತಿಂಗಳು ಕ್ಯಾಮೆರಾ ಮುಟ್ಟಲಿಕ್ಕೆ ಬಿಡಲಿಲ್ಲ. ರಜಿಸ್ಟರು ಬರೆಯುವ ಕೆಲಸ. ರೋಲ್ ನಂಬರು, ತಾರೀಖು, ಊರು, ಗಿರಾಕಿ ಹೆಸರು, ಎಷ್ಟನೇ ಫ್ರೇಮಿನಿಂದ ಎಷ್ಟನೇ ಫ್ರೇಮು. ಯಾಶಿಕಾ ಕ್ಯಾಮೆರಾದಲ್ಲಿ 120 ಎಂಬ ಅಳತೆಯ ಒಂದು ರೋಲು ಹಾಕಿದರೆ ಹನ್ನೆರಡೇ ಫೋಟೋ. ಹನ್ನೆರಡಕ್ಕೂ ಲೆಕ್ಕ ಇರಬೇಕು. ನೆಗೆಟಿವ್ ಕತ್ತರಿಸಿ ಬಟರ್ ಪೇಪರಿನಲ್ಲಿ ಹಾಕಿ ಕವರಿನ ಮೇಲೆ ಅದೇ ನಂಬರು. ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಮತ್ತೆ ಅದೇ ನಂಬರು. ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯುತ್ತದೆ. ಒಂದು ಸಲ ನಾನು ‘ಮದುವೆ, ಬೆಟಗೇರಿ’ ಎಂದಷ್ಟೇ ಬರೆದಿದ್ದೆ. ಮಾಲಕರು ಅದೇ ರಜಿಸ್ಟರಿನಿಂದ ತಲೆಗೆ ಮೊಟಕಿ, “ಬೆಟಗೇರ್ಯಾಗ ಇವತ್ತ ಒಂದ ಮದುವಿ ಆಗೇತೇನಲೇ?” ಎಂದರು. ನನ್ನ ಮಟ್ಟಿಗೆ ಮೆಟಾಡೇಟಾದ ಪೂರ್ತಿ ಪಾಠ ಅಲ್ಲಿಗೇ ಮುಗಿಯಿತು. ಉಳಿದದ್ದೆಲ್ಲ ಅದನ್ನೇ ಕಂಪ್ಯೂಟರಿನಲ್ಲಿ ಎಲ್ಲಿ ಒತ್ತಿ ಬರೆಯಬೇಕು ಎಂಬುದು.

ಬೇಕಿದ್ದರೆ ಇನ್ನೂ ಹಿಂದಕ್ಕೂ ಹೋಗಬಹುದು. ಗದಗಿನಿಂದ ಹತ್ತು-ಹನ್ನೆರಡು ಕಿಲೋಮೀಟರಿನ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ ಎಂದು ನಾವು ಈಗಲೂ ಹೇಳುತ್ತೇವೆ. ಹೇಗೆ? ಕಲ್ಲಿನಲ್ಲಿ ಬರೆಸಿಟ್ಟಿದ್ದಕ್ಕೆ. ಹಳೆಯ ಶಾಸನ ಯಾವುದನ್ನೇ ತೆಗೆದುಕೊಳ್ಳಿ, ಶಕವರ್ಷ, ಸಂವತ್ಸರ, ತಿಥಿ, ವಾರ, ಆಳುವ ಅರಸ, ಕೊಟ್ಟವರು, ಪಡೆದವರು, ಹೊಲದ ನಾಲ್ಕು ಗಡಿ, ಎಷ್ಟೋ ಕಡೆ ಬರೆದವನ, ಕೆತ್ತಿದವನ ಹೆಸರು ಕೂಡ. ಗುಡಿ ಬಿದ್ದರೂ ಗುಡಿಯ ಉತಾರ ಉಳಿದಿದೆ. ಉಳಿ ಹಿಡಿದು ಒಂದೊಂದೇ ಅಕ್ಷರ ಕೆತ್ತುವವರಿಗೆ ಇದ್ದ ತಾಳ್ಮೆ, ಕೀಬೋರ್ಡ್ ಕುಟ್ಟುವ ನಮಗೆ ಇಲ್ಲ.

ಅರ್ಧ ಉತಾರವನ್ನು ಕ್ಯಾಮೆರಾ ತಾನೇ ಬರೆದುಕೊಡುತ್ತದೆ. ಅದಕ್ಕೆ ಎಕ್ಸಿಫ್ ಎನ್ನುತ್ತಾರೆ. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘ ರೂಪಿಸಿದ ಪದ್ಧತಿ. ಗುಂಡಿ ಒತ್ತಿದ ಕ್ಷಣದ ತಾರೀಖು, ವೇಳೆ, ಕ್ಯಾಮೆರಾ ಮಾದರಿ, ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ, ರೇಖಾಂಶ, ಎಲ್ಲವೂ ಫೋಟೋ ಫೈಲಿನ ಹೊಟ್ಟೆಯೊಳಗೇ ಕೂತಿರುತ್ತವೆ. ಬಿಟ್ಟಿ ಸಿಗುವ ಈ ಅರ್ಧವನ್ನು ನಮ್ಮ ಕಚೇರಿಗಳು ಹಾಳು ಮಾಡಿಕೊಳ್ಳುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲನೆಯದು ವಾಟ್ಸ್ಯಾಪು. ಹಳ್ಳಿಯಲ್ಲಿ ನಿಂತು ತೆಗೆದ ಫೋಟೋವನ್ನು ಅಲ್ಲಿಂದಲೇ ಗ್ರೂಪಿಗೆ ಹಾಕುತ್ತಾರೆ. ವಾಟ್ಸ್ಯಾಪು ಅದನ್ನು ಕುಗ್ಗಿಸುತ್ತದೆ, ಜೊತೆಗೆ ಒಳಗಿನ ತಾರೀಖು, ಜಾಗ ಎಲ್ಲ ಒರೆಸಿಹಾಕುತ್ತದೆ. ಆ ಕಡೆ ಬಂದ ಫೈಲಿನ ಹೆಸರಿನಲ್ಲಿರುವ ಎಂಟು ಅಂಕಿ ಫೋಟೋ ತೆಗೆದ ದಿನವಲ್ಲ, ಆ ಮೊಬೈಲಿಗೆ ಅದು ಬಂದಿಳಿದ ದಿನ. ಸೋಮವಾರ ತೆಗೆದು ಗುರುವಾರ ಕಳಿಸಿದರೆ ಗುರುವಾರದ್ದಾಗುತ್ತದೆ. ಅಜ್ಜಿಯ ಗೋಡೆ ಕಳೆದದ್ದು ಇಲ್ಲಿಯೇ. ಕಳಿಸಲೇಬೇಕಾದರೆ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಪೇಪರ್‌ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿದರೆ ಫೈಲು ಹೇಗಿದೆಯೋ ಹಾಗೇ ಹೋಗುತ್ತದೆ. ವಾರಕ್ಕೊಮ್ಮೆ ಎಲ್ಲರ ಮೊಬೈಲಿನ ಮೂಲ ಫೋಟೋಗಳನ್ನು ಕೇಬಲ್ ಹಾಕಿ ಇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದು ಗಡಿಯಾರ. ಕಚೇರಿಯ ಕ್ಯಾಮೆರಾ ಬೀರುವಿನಲ್ಲಿ ತಿಂಗಳುಗಟ್ಟಲೆ ಮಲಗಿ, ಬ್ಯಾಟರಿ ಪೂರ್ತಿ ಇಳಿದು, ತಾರೀಖು ಅದರ ಹುಟ್ಟಿದ ವರ್ಷದ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಪಂಚನಾಮೆಯ ಫೋಟೋ ಪಂಚರು ಆ ಊರಿಗೆ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲು ತೆಗೆದ ಹಾಗಾಗುತ್ತದೆ. ವಕೀಲರ ಕೈಗೆ ಸಿಕ್ಕರೆ ಅಷ್ಟೇ. ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಮೊದಲ ಫೋಟೋ ನಿಮ್ಮ ಮೊಬೈಲಿನ ಗಡಿಯಾರದ್ದು ತೆಗೆಯಿರಿ. ಆಮೇಲೆ ಎಷ್ಟು ವ್ಯತ್ಯಾಸವಿದೆ ಎಂದು ಲೆಕ್ಕ ಹಾಕಿ ಇಡೀ ದಿನದ ಫೋಟೋಗಳ ವೇಳೆಯನ್ನು ಒಂದೇ ಸಲಕ್ಕೆ ಸರಿಪಡಿಸಬಹುದು. ಇನ್ನೊಂದು ಮೋಸವೂ ಇದೆ. ವಿಂಡೋಸಿನಲ್ಲಿ ಫೈಲು ಕಾಪಿ ಮಾಡಿದಾಗ ‘ಕ್ರಿಯೇಟೆಡ್’ ಎಂದು ತೋರಿಸುವ ತಾರೀಖು ಕಾಪಿ ಮಾಡಿದ ದಿನದ್ದು. ಅದನ್ನು ನೋಡಿ ಫೋಟೋ ತೆಗೆದ ದಿನ ಎಂದು ವರದಿಗೆ ಬರೆದವರನ್ನು ನಾನು ಕಂಡಿದ್ದೇನೆ. ನೋಡಬೇಕಾದ್ದು ‘ಡೇಟ್ ಟೇಕನ್’.

ಮೂರನೆಯದನ್ನು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಫೋಟೋ ವರ್ಡ್ ಫೈಲಿಗೆ ಅಂಟಿಸಿ, ಸಣ್ಣದು ಮಾಡಿ, ವರದಿ ಪ್ರಿಂಟ್ ತೆಗೆದು, ಜಾಗ ಸಾಲುವುದಿಲ್ಲ ಎಂದು ಮೂಲ ಫೋಟೋ ಅಳಿಸುವುದು.

ಜಾಗ, ವೇಳೆ ಫೋಟೋದ ಮೇಲೆಯೇ ಮುದ್ರೆ ಒತ್ತುವ ಆ್ಯಪುಗಳು ಬಂದಿವೆಯಲ್ಲ ಎನ್ನಬಹುದು. ಬಂದಿವೆ, ಒಳ್ಳೆಯದೇ. ಆದರೆ ಆ ಅಕ್ಷರಗಳು ಚಿತ್ರದ ಭಾಗ. ಹುಡುಕುವ ಖಾನೆಯಲ್ಲಿ ಊರಿನ ಹೆಸರು ಹೊಡೆದರೆ ಅವು ಸಿಗುವುದಿಲ್ಲ. ಅಲ್ಲದೆ ಅದು ತೋರಿಸುವುದು ತೆಗೆದವನು ನಿಂತ ಜಾಗ, ಮನೆಯ ಯಜಮಾನಿಯ ಹೆಸರಲ್ಲ.

ನಿಮ್ಮಿಂದ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪಿನಲ್ಲಿ ಕೂಲಿಕಾರರ ಫೋಟೋ ಹಾಜರಿ ಕಡ್ಡಾಯವಾಯಿತು. ವಸತಿ ಯೋಜನೆಯಲ್ಲಿ ತಳಪಾಯ, ಲಿಂಟಲ್, ಛಾವಣಿ, ಹಂತಹಂತಕ್ಕೆ ಜಿಪಿಎಸ್ ಫೋಟೋ ಇಲ್ಲದೆ ಕಂತು ಬಿಡುಗಡೆ ಆಗುವುದಿಲ್ಲ. ಮೇಲಿನವರು ಕೇಳಿದ್ದಕ್ಕೆ ಪಂಚಾಯ್ತಿ ಮಟ್ಟದ ಸಿಬ್ಬಂದಿ ಬಿಸಿಲಲ್ಲಿ ನಿಂತು ಇದನ್ನೆಲ್ಲ ಮಾಡುತ್ತಿದ್ದಾರೆ. ಮೇಲಿನವರು ಕೇಳದ ಫೋಟೋಗಳು ಮಾತ್ರ ‘ನ್ಯೂ ಫೋಲ್ಡರ್ 3’ಕ್ಕೆ ಹೋಗುತ್ತವೆ.

ಇನ್ನರ್ಧ ಉತಾರ ಮನುಷ್ಯರೇ ಬರೆಯಬೇಕಾದ್ದು. ಕ್ಯಾಮೆರಾಕ್ಕೆ ಊರಿನ ಬಿಂದು ಗೊತ್ತು, ಆ ಓಣಿಗೆ ಜನ ಏನೆನ್ನುತ್ತಾರೆ ಎಂದು ಗೊತ್ತಿಲ್ಲ. ಕಚೇರಿಗಳ ಕ್ಯಾಪ್ಶನ್ ನೋಡಿದ್ದೇನೆ: ‘ಮಾನ್ಯರು ಹೊಲಿಗೆ ಯಂತ್ರ ವಿತರಿಸಿದರು’. ಮಾನ್ಯರು ಯಾರೆಂದು ಇಪ್ಪತ್ತು ವರ್ಷದ ಮೇಲೂ ಯಾರು ಬೇಕಾದರೂ ಹೇಳುತ್ತಾರೆ, ಪೇಪರಿನಲ್ಲಿ ದಿನಾ ಅವರ ಫೋಟೋ ಬರುತ್ತಿತ್ತು. ಯಂತ್ರ ಪಡೆದ ಹೆಣ್ಣುಮಗಳು ಯಾರು? ಯಾವ ಊರು? ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ನಿಂತವರು? ಅವರ ಹೆಸರು ಆ ದಿನ ಬರೆಯದಿದ್ದರೆ ಇನ್ನು ಯಾವತ್ತೂ ಸಿಗುವುದಿಲ್ಲ. ಕ್ಯಾಪ್ಶನ್ ಹೀಗಿರಲಿ: ‘ಲಕ್ಕುಂಡಿ, ಗದಗ ತಾಲೂಕು. ಮುಸುಕಿನ ಬಾವಿ, ಮೇಲಿನ ಮೆಟ್ಟಿಲಿನಿಂದ ಕೆಳಮುಖವಾಗಿ. ಸ್ವಚ್ಛತೆಗೆ ಮೊದಲು. ಎಡಗಡೆ ಮೂರನೇ ಗೂಡಿನ ಕಲ್ಲು ಸಡಿಲ.’ ನೋಡುವವನಿಗೆ ಕಾಣುವುದನ್ನು ಬಿಟ್ಟು, ಕಾಣದ್ದನ್ನು ಬರೆಯಬೇಕು.

ಇದನ್ನು ಯಾರ ಕೈಯಲ್ಲಿ ಬರೆಸಬೇಕು ಎಂದು ಕೇಳಿದರೆ ನನ್ನ ಉತ್ತರ ವಿಚಿತ್ರ ಅನ್ನಿಸಬಹುದು. ವಾಲೀಕಾರನನ್ನು, ಅಂದರೆ ಊರಿನ ಗ್ರಾಮ ಸಹಾಯಕನನ್ನು, ಕೂರಿಸಿಕೊಂಡು ಬರೆಸಿ. ನೀವು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತೀರಿ, ಆಪರೇಟರ್ ಗುತ್ತಿಗೆ ಮುಗಿದು ಹೋಗುತ್ತಾಳೆ, ಊರಿನ ವಾಲೀಕಾರ ಅಲ್ಲೇ ಇರುತ್ತಾನೆ. ಒಂದು ಗೋಡೆಯ ತುಂಡು ತೋರಿಸಿದರೆ ಸಾಕು, “ಇದ ಬಡಿಗ್ಯಾರ ಓಣಿರೀ, ಮಠದ ಹಿಂದಿನ ಸಂದಿ” ಎನ್ನುತ್ತಾನೆ. ಅವನು ಬಾಯಲ್ಲಿ ಹೇಳಲಿ, ನೀವು ಟೈಪ್ ಮಾಡಿ. ಫೋಟೋ ತೆಗೆದ ವಾರದೊಳಗೆ ಆಗಬೇಕು. ತಿಂಗಳು ಕಳೆದರೆ ಅವನಿಗೂ ಎಲ್ಲ ಗೋಡೆ ಒಂದೇ.

ಊರಿನ ಹೆಸರು ಬರೆಯುವುದರಲ್ಲಿಯೂ ತಲೆನೋವಿದೆ. ನರಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಒಂದು ಕೊಣ್ಣೂರು ಇದೆ, ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಘಟಪ್ರಭೆಯ ಕಡೆಗೆ ಇನ್ನೊಂದು ಕೊಣ್ಣೂರು. 2019ರಲ್ಲಿ ಎರಡೂ ನದಿಗಳು ಉಕ್ಕಿದ್ದವು. ‘ಕೊಣ್ಣೂರು ಪ್ರವಾಹ 2019’ ಎಂದು ಬರೆದ ಫೋಟೋ ಯಾವ ಕೊಣ್ಣೂರಿನದು? ಬಸಾಪುರ, ಹೊಸಳ್ಳಿಗಳಿಗಂತೂ ಲೆಕ್ಕವೇ ಇಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದೊಂದು ಕೋಡ್ ನಂಬರಿದೆ, ನಿಮ್ಮ ಕಚೇರಿಯಲ್ಲಿ ಅದನ್ನು ಬೇರೆ ಕೆಲಸಗಳಿಗೆ ದಿನಾ ಬಳಸುತ್ತೀರಿ. ಊರಿನ ಹೆಸರಿನ ಮುಂದೆ ಆ ಕೋಡ್ ಬರೆದರೆ ಜಗಳ ಮುಗಿಯಿತು. ಹೆಸರು ಬದಲಾದರೂ ಚಿಂತೆ ಇಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು. ಇಂಗ್ಲಿಷ್ ಹೆಸರಿನಲ್ಲಿ ಹುಡುಕುವವರಿಗೆ ಅದರ ಹಿಂದಿನ ಫೈಲುಗಳು ಬೇರೆ ಕಾಗುಣಿತದಲ್ಲಿ ಸಿಗುತ್ತವೆ. 1997ರ ಆಗಸ್ಟಿಗೆ ಮೊದಲು ನಾನು ಗದಗಿನಲ್ಲಿ ತೆಗೆದ ಫೋಟೋಗಳೆಲ್ಲ ನನ್ನ ರಜಿಸ್ಟರಿನಲ್ಲಿ ‘ಜಿಲ್ಲೆ ಧಾರವಾಡ’ ಎಂದೇ ಇವೆ. ತಿದ್ದಲು ಹೋಗಿಲ್ಲ. ಆಗಿನದು ಆಗಿನದೇ, ಪಕ್ಕದಲ್ಲಿ ಈಗಿನ ಜಿಲ್ಲೆ ಬರೆದಿದ್ದೇನೆ.

ಈಗ ಕನ್ನಡದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೆಂಗಳೂರಿನಿಂದ ತರಬೇತಿಗೆ ಬರುವವರು ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಕ್ಯಾಪ್ಶನ್ ಬರೆಯಲು ಫೋಟೋ ಫೈಲಿನೊಳಗೆ ಎರಡು ಬಗೆಯ ಖಾನೆಗಳಿವೆ. ಹಳೆಯದು ಐಪಿಟಿಸಿ, ಜಗತ್ತಿನ ಸುದ್ದಿಸಂಸ್ಥೆಗಳು ಸೇರಿ 1965ರಲ್ಲಿ ಕಟ್ಟಿಕೊಂಡ ಒಕ್ಕೂಟ ಮಾಡಿದ್ದು. ಹೊಸದು ಎಕ್ಸ್‌ಎಂಪಿ, ಅಡೋಬಿ ಕಂಪನಿ 2001ರಲ್ಲಿ ತಂದದ್ದು, 2012ರಲ್ಲಿ ಐಎಸ್‌ಒ ಮಾನಕವೂ ಆಯಿತು. ಹಳೆಯ ಪದ್ಧತಿಯಲ್ಲಿ ಪ್ರತಿ ಖಾನೆಗೆ ಅಳತೆ ಇದೆ. ಊರಿನ ಹೆಸರಿಗೆ 32 ಬೈಟ್. ಇಂಗ್ಲಿಷಿಗೆ ಒಂದಕ್ಷರಕ್ಕೆ ಒಂದು ಬೈಟ್, ಸಾಕೋ ಸಾಕು. ಕನ್ನಡ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಅಕ್ಷರಕ್ಕೆ ಮೂರು, ಕೊಂಬು-ದೀರ್ಘಕ್ಕೆ ಮೂರು, ಒತ್ತಕ್ಷರ ಕೂಡಿಸುವ ಅರ್ಧ ಚಿಹ್ನೆಗೂ ಮೂರು. ಗದಗ 9 ಬೈಟಿನಲ್ಲಿ ಆರಾಮಾಗಿ ಕೂರುತ್ತದೆ. ಹುಬ್ಬಳ್ಳಿ 27. ನಮ್ಮ ಲಕ್ಷ್ಮೇಶ್ವರ ಬಿಡಿಸಿ ಎಣಿಸಿದರೆ ಹನ್ನೊಂದು ತುಣುಕು, 33 ಬೈಟ್! ಒಂದೇ ಒಂದು ಬೈಟಿಗಾಗಿ ಕೊನೆಯ ‘ರ’ ಖಾನೆಯ ಹೊಸ್ತಿಲಲ್ಲಿ ಸಿಕ್ಕಿಕೊಂಡು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಸೋಮೇಶ್ವರನ ಗುಡಿ ಇರುವ ಊರಿಗೇ ಹೀಗಾದರೆ ಹೇಗೆ. ಎಕ್ಸ್‌ಎಂಪಿಯಲ್ಲಿ ಈ ಅಳತೆಯ ಗೊಡವೆ ಇಲ್ಲ, ಕನ್ನಡಕ್ಕೆ ಅದೇ ಸರಿ. ನಿಮ್ಮ ಆಪರೇಟರಿಗೆ ಒಂದೇ ವಾಕ್ಯದಲ್ಲಿ ಹೇಳಿ: ಎಕ್ಸ್‌ಎಂಪಿಯಲ್ಲಿ ಬರೆ.

ಎರಡನೇ ಎಚ್ಚರ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನದು. ಕಚೇರಿಗಳಲ್ಲಿ ಎಲ್ಲರ ಬೆರಳೂ ನುಡಿಗೆ ಒಗ್ಗಿವೆ, ತಪ್ಪಿಲ್ಲ, ಕೀಲಿಮಣೆ ಅದೇ ಇರಲಿ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದದ್ದು ನಿಜಕ್ಕೂ ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ವರ್ಡಿನಲ್ಲಿ ಫಾಂಟ್ ಇರುತ್ತದೆ, ವೇಷ ನಿಲ್ಲುತ್ತದೆ. ಮೆಟಾಡೇಟಾ ಖಾನೆಗೆ ಫಾಂಟೇ ಇಲ್ಲ. ಅಲ್ಲಿ ಅಂಟಿಸಿದ ಕೂಡಲೇ ವೇಷ ಕಳಚಿ, ತಲೆ ಮೇಲೆ ಟೋಪಿ, ಬಾಲದಲ್ಲಿ ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ನುಡಿಯಲ್ಲಿಯೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿ ಶುರು ಮಾಡಿ.

ಸಾಫ್ಟ್‌ವೇರಿಗೆ ಟೆಂಡರ್ ಕರೆಯಬೇಕೇ? ದಯವಿಟ್ಟು ಬೇಡ. ವಿಂಡೋಸಿನಲ್ಲಿ ಹತ್ತು ಫೋಟೋ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರೊಳಗೆ ಡೀಟೇಲ್ಸ್. ಟೈಟಲ್, ಟ್ಯಾಗ್, ಕಾಮೆಂಟ್ ಖಾನೆಗಳು ಕಾಣುತ್ತವೆ, ಅಲ್ಲೇ ಬರೆಯಬಹುದು. ಇನ್ನೂ ಚೆನ್ನಾಗಿ ಬೇಕಾದರೆ ಡಿಜಿಕ್ಯಾಮ್ ಇದೆ, ಪುಕ್ಕಟೆ. ಗಡಿಯಾರದ ತಪ್ಪು ಸಾವಿರ ಫೋಟೋಗಳಿಗೆ ಒಟ್ಟಿಗೆ ತಿದ್ದಲು ಎಕ್ಸಿಫ್‌ಟೂಲ್, ಅದೂ ಪುಕ್ಕಟೆ. ಫೈಲಿನ ಹೆಸರು ವರ್ಷ-ತಿಂಗಳು-ದಿನ, ಊರು, ಕ್ರಮಸಂಖ್ಯೆ ಇದ್ದರೆ ಸಾಕು. ಕಥೆಯೆಲ್ಲ ಫೈಲಿನ ಹೆಸರಿನಲ್ಲಿ ತುರುಕಬೇಡಿ. ಹೆಸರನ್ನು ಯಾರಾದರೂ ಬದಲಿಸುತ್ತಾರೆ, ಫೋಲ್ಡರಿನಿಂದ ಯಾರಾದರೂ ಹೊರಗೆಳೆಯುತ್ತಾರೆ. ಹೊಟ್ಟೆಯೊಳಗೆ ಬರೆದದ್ದು ಫೋಟೋದ ಜೊತೆಗೇ ಹೋಗುತ್ತದೆ.

ಒಂದು ಜಾಗದಲ್ಲಿ ಮಾತ್ರ ಈ ಮಾತಿಗೆ ತಡೆ ಇದೆ. ಕೋರ್ಟಿಗೆ ಹೋಗಬಹುದಾದ ಫೋಟೋ, ವಿಡಿಯೋ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು. ಒಂದು ಅಕ್ಷರ ಬದಲಾದರೂ ಹೆಬ್ಬೆಟ್ಟು ಬದಲಾಗುತ್ತದೆ. ನೀವು ಒಳ್ಳೆಯ ಮನಸ್ಸಿನಿಂದ ಕ್ಯಾಪ್ಶನ್ ಸೇರಿಸಿದರೂ ಬದಲಾಗುತ್ತದೆ. ಹಾಗಾಗಿ ಅಂಥ ಮೂಲ ಫೈಲನ್ನು ಮುಟ್ಟದೆ, ಅದೇ ದಿನ ಹ್ಯಾಶ್ ತೆಗೆದು ಬರೆದಿಟ್ಟು, ವಿವರಗಳನ್ನು ಪಕ್ಕದಲ್ಲಿ ಅದೇ ಹೆಸರಿನ ಸಣ್ಣ ಎಕ್ಸ್‌ಎಂಪಿ ಫೈಲಿನಲ್ಲಿ ಇಡಬೇಕು. ಡಿಜಿಕ್ಯಾಮಿನಲ್ಲಿ ಅದಕ್ಕೂ ದಾರಿ ಇದೆ.

ವಿಡಿಯೋಗಳ ಸ್ಥಿತಿ ಇನ್ನೂ ಕಷ್ಟ. ಫೋಟೋವನ್ನಾದರೂ ಕಣ್ಣು ಹಾಯಿಸಿ ನೋಡಬಹುದು, ಮೂರು ತಾಸಿನ ಗ್ರಾಮಸಭೆಯ ವಿಡಿಯೋದಲ್ಲಿ ಕೆರೆ ಒತ್ತುವರಿಯ ಮಾತು ಎಲ್ಲಿ ಬಂತು ಎಂದು ಹುಡುಕಲು ಮೂರು ತಾಸು ಬೇಕು. ಇದಕ್ಕೆ ಖರ್ಚಿಲ್ಲದ ಉಪಾಯ ಹೇಳುತ್ತೇನೆ. ರೆಕಾರ್ಡ್ ಒತ್ತಿದ ಕೂಡಲೇ ತೆಗೆಯುವವನು ಬಾಯಿಬಿಟ್ಟು ಹೇಳಲಿ: ಇಂಥ ತಾರೀಖು, ಇಂಥ ಊರು, ಇಂಥ ಸಭೆ, ತೆಗೆಯುತ್ತಿರುವವನು ನಾನು. ಫೈಲಿನ ಹೆಸರು ಏನೇ ಆಗಲಿ, ಆ ಧ್ವನಿ ಉಳಿಯುತ್ತದೆ. ಸಭೆ ನಡೆಯುವಾಗಲೇ ಒಬ್ಬರು ಹಾಳೆಯ ಮೇಲೆ ‘12ನೇ ನಿಮಿಷ ಕುಡಿಯುವ ನೀರು, 47 ಕೆರೆ ಒತ್ತುವರಿ’ ಎಂದು ಗೀಚಿಕೊಂಡರೆ, ಅದೇ ವಿಡಿಯೋದ ಉತಾರ.

ಕಾನೂನು ನಾನು ನಿಮಗೆ ಹೇಳಿಕೊಡಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಶುರುವಾಗುವುದೇ ಇದರಿಂದ, ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಎಲ್ಲ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡತಕ್ಕದ್ದು ಎಂದು. ದಾಖಲೆ ಎಂದರೆ ಏನೆಂದು 2ನೇ ಕಲಮಿನಲ್ಲಿದೆ, ಕಂಪ್ಯೂಟರಿನಿಂದ ಹುಟ್ಟಿದ್ದೂ ದಾಖಲೆಯೇ. ಅರ್ಜಿ ಹಾಕಿದವರಿಗೆ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದುಕೊಡುತ್ತೀರಲ್ಲ, ಲಭ್ಯವಿದೆ, ಸಿಗುತ್ತಿಲ್ಲ ಅಷ್ಟೇ. ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಕೊಡಿ ಎನ್ನುತ್ತಿಲ್ಲ. ಮಕ್ಕಳ ಫೋಟೋ, ಪರಿಹಾರ ಪಡೆದವರ ಮನೆಯ ಜಿಪಿಎಸ್ ಬಿಂದು, ಇವನ್ನು ಪೇಪರಿಗೆ, ಫೇಸ್‌ಬುಕ್ಕಿಗೆ ಕೊಡುವ ಪ್ರತಿಯಿಂದ ತೆಗೆದುಹಾಕಿ, ಕಚೇರಿಯ ಮೂಲದಲ್ಲಿ ಇಟ್ಟುಕೊಳ್ಳಿ. ಮೂಲ ಎಂದರೆ ಒಂದೇ ಪ್ರತಿಯಲ್ಲ, ಮೂರು. ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ. ನಾನೇ ಹದಿನೈದು ವರ್ಷದ ಹಿಂದೆ ಕಚೇರಿಗಳಿಗೆ ಡಿವಿಡಿ ಮಾಡಿಕೊಟ್ಟವನು, ಅವುಗಳ ಬೆಳ್ಳಿ ಪದರ ಈಗ ಹಪ್ಪಳದ ಹಾಗೆ ಏಳುತ್ತಿದೆ.

ಹಳೆಯ ರಾಶಿಯನ್ನೆಲ್ಲ ಏನು ಮಾಡುವುದು ಎಂದು ನೀವು ಕೈಚೆಲ್ಲುತ್ತೀರಿ. ಮೊದಲು ಅದನ್ನು ಮುಟ್ಟಬೇಡಿ, ಇವತ್ತಿನ ಫೋಟೋದಿಂದ ಶುರು ಮಾಡಿ. ಇವತ್ತಿನದು ನಿಂತಮೇಲೆ ಹಳೆಯದಕ್ಕೆ ಒಂದು ಎರಡನೇ ಶನಿವಾರ ಇಟ್ಟುಕೊಳ್ಳಿ. ನಿವೃತ್ತರಾದ ತಲಾಠಿಗಳನ್ನು (ಗ್ರಾಮ ಲೆಕ್ಕಿಗರನ್ನು), ಜವಾನರನ್ನು, ಡ್ರೈವರುಗಳನ್ನು ಕರೆಯಿರಿ. ಡ್ರೈವರುಗಳನ್ನು ಮರೆಯಬೇಡಿ, ಯಾವ ಸಾಹೇಬರ ಜೊತೆ ಯಾವ ಊರಿಗೆ ಯಾವ ಮಳೆಗಾಲದಲ್ಲಿ ಹೋಗಿದ್ದರೆಂದು ಅವರಿಗೆ ನೆನಪಿರುವಷ್ಟು ಸಾಹೇಬರಿಗೇ ಇರುವುದಿಲ್ಲ. ಪ್ರೊಜೆಕ್ಟರ್ ಹಾಕಿ, ಗಿರಮಿಟ್ಟು-ಮಿರ್ಚಿ ತರಿಸಿ, ಒಂದೊಂದೇ ಫೋಟೋ ಬಿಡಿ. ಮಾತು ಶುರುವಾದರೆ ನಿಲ್ಲುವುದಿಲ್ಲ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. 2009ರ ನೆರೆ ಕಂಡವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಎಷ್ಟು ಜನ ಇರುತ್ತಾರೆಂದು ನಾನು ಹೇಳಬೇಕೇ?

ಮೂರೂ ಜಿಲ್ಲೆಯಲ್ಲಿ ಯಾವ ಕಚೇರಿ ಕರೆದರೂ ಒಂದು ದಿನ ಬಂದು ಆಪರೇಟರುಗಳ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇನೆ. ಬಸ್ ಚಾರ್ಜೂ ಬೇಡ. ಮೊದಲ ಕರೆ ಆ ಅಜ್ಜಿಯ ಕಚೇರಿಯಿಂದ ಬಂದರೆ ಸಂತೋಷ. ಆ ಊರಿನ ವಾಲೀಕಾರನಿಗೆ ಆಗಲೇ ಹೇಳಿಟ್ಟಿದ್ದೇನೆ, ಲಾಳ ಹೊಡೆದ ಬಾಗಿಲು ಅವನಿಗೆ ಗೊತ್ತಿದೆಯಂತೆ.

ನಿಮ್ಮವ,
ಬೆಟಗೇರಿಯ ಒಬ್ಬ ಫೋಟೋಗ್ರಾಫರ
12 ಆಗಸ್ಟ್ 2024, ಶ್ರಾವಣದ ಎರಡನೇ ಸೋಮವಾರ

ತಾ.ಕ.: ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. 2010ರ ಫೆಬ್ರವರಿಯಲ್ಲಿ ಗದಗಿನಲ್ಲಿ 76ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೆರವಣಿಗೆಯ ಫೋಟೋ ತೆಗೆದಿದ್ದೆ. ಡಿಜಿಟಲ್ ಕ್ಯಾಮೆರಾ ಹೊಸದು, ರಜಿಸ್ಟರ್ ಬರೆಯುವುದು ಬಿಟ್ಟಿದ್ದೆ. ಅದರಲ್ಲೊಂದು ಫೋಟೋ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಕುಂಭ ಹೊತ್ತ ಹತ್ತು-ಹನ್ನೆರಡರ ಹುಡುಗಿ, ಹಸಿರು ಇಳಕಲ್ ಸೀರೆ ದೊಡ್ಡದಾಗಿ ಕಾಲಿಗೆ ತೊಡರುತ್ತಿದೆ, ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಾಳೆ. ಫೈಲಿನ ಹೆಸರು ಡಿಎಸ್‌ಸಿ 0412. ಈಗ ಇಪ್ಪತ್ತೈದು ದಾಟಿರಬೇಕು. ಗುರುತು ಹಿಡಿದವರು ಅಂಗಡಿಗೆ ಬಂದು ಹೆಸರು, ಊರು ಬರೆಸಿ ಹೋಗಿ, ಒಂದು ಪ್ರಿಂಟ್ ಅವಳಿಗಾಗಿ ಕವರಿನಲ್ಲಿ ಹಾಕಿಟ್ಟಿದ್ದೇನೆ.